ಹುಲಿ ಸಾಕುವ ಶೋಕಿ

ಹುಲಿಮರಿಗೆ ಬಾಟಲಿ ಹಾಲು ಕುಡಿಸುವ ರೀಲ್ಸ್‌ಗೆ ಲಕ್ಷಗಟ್ಟಲೆ ಲೈಕು. ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಒಬ್ಬಾತ ಅಂಥದ್ದೊಂದು ಮರಿ ತಂದು, ಮಿಂಗ್ ಅಂತ ಹೆಸರಿಟ್ಟು ಅಪಾರ್ಟ್‌ಮೆಂಟಿನಲ್ಲೇ ಸಾಕಿದ. 2003ರ ಹೊತ್ತಿಗೆ ಅದರ ತೂಕ 180 ಕಿಲೋ ದಾಟಿತ್ತು. ದಿನಾ ಕಿಲೋಗಟ್ಟಲೆ ಕೋಳಿಮಾಂಸ ಬೇಕು. ಒಂದಿನ ಮನೆಯ ಬೆಕ್ಕಿನ ಮೇಲೆ ಎಗರಿತು, ಅಡ್ಡಬಂದ ಯಜಮಾನನನ್ನೇ ಕಚ್ಚಿತು. ಆಸ್ಪತ್ರೆಯಲ್ಲಿ ಆಸಾಮಿ ಹೇಳಿದ್ದು, ನಾಯಿ ಕಚ್ಚಿತು ಅಂತ! ಕೊನೆಗೆ ಪೊಲೀಸರೊಬ್ಬರು ಹೊರಗೋಡೆಗೆ ಹಗ್ಗದಲ್ಲಿ ಜೋತುಬಿದ್ದು, ಕಿಟಕಿಯಿಂದ ಅರಿವಳಿಕೆ ಹೊಡೆದು ಹುಲಿಯನ್ನು ಕೆಡವಬೇಕಾಯಿತು. ಅಮೆರಿಕ ಇಡೀ ದೇಶಕ್ಕೆ ಕಾನೂನು ಮಾಡಿ ಹುಲಿ ಸಾಕುವ ಈ ಶೋಕಿಗೆ ಕಡಿವಾಣ ಹಾಕಿದ್ದು 2022ರಲ್ಲಿ. ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಇದೆ, ಪುಣ್ಯ. ಇಲ್ಲದಿದ್ದರೆ ಹುಲಿಯುಗುರು ಕೊರಳಿಗೆ ಹಾಕಿಕೊಂಡು ಮೆರೆಯುವವರು ಹುಲಿಯನ್ನೇ ತಂದು ಗೇಟಿಗೆ ಕಟ್ಟುತ್ತಿದ್ದರು.