ಗುಂಡುಸೂಜಿ ಕೇಳಿದ ಹುಡುಗಿ

ಇಂಗ್ಲೆಂಡಿನ ಉತ್ತರದಲ್ಲಿ ಲ್ಯಾಂಕಶೈರ್ ಅಂತ ಒಂದು ಸೀಮೆ. ಅಲ್ಲಿ ಪೆಂಡಲ್ ಎಂಬ ಗುಡ್ಡ, ಅದರ ಸುತ್ತ ದನ ಕಟ್ಟಿಕೊಂಡು ಬದುಕುವ ಬಡ ಹಳ್ಳಿಗಳು. 1612ರ ಮಾರ್ಚ್ 18ರಂದು ಕೋಲ್ನ್ ಎಂಬ ಊರಿನ ಹತ್ತಿರ ಅಲಿಝನ್ ಡಿವೈಸ್ ಎಂಬ ಹುಡುಗಿಗೆ ಗಂಟು ಹೊತ್ತ ತಿರುಗು ವ್ಯಾಪಾರಿ ಜಾನ್ ಲಾ ಎದುರಾದ. ಅವಳು ಗುಂಡುಸೂಜಿ ಕೇಳಿದಳು. ಅವನು ಗಂಟು ಬಿಚ್ಚಲಿಲ್ಲ. ಸ್ವಲ್ಪ ಹೊತ್ತಿಗೆ ಕುಸಿದುಬಿದ್ದ. ಎಡ ಮಗ್ಗುಲು ಸ್ವಾಧೀನ ತಪ್ಪಿತು, ಮಾತು ನಿಂತಿತು. ಇವತ್ತಾದರೆ ಲಕ್ವ ಹೊಡೆದಿದೆ ಅಂತ ಆಸ್ಪತ್ರೆಗೆ ಓಡುತ್ತೇವೆ. ಆಗ ಅದು ಮಾಟವಾಯಿತು. ಆಗಸ್ಟ್ 20ಕ್ಕೆ ಲ್ಯಾಂಕಾಸ್ಟರಿನಲ್ಲಿ ಹತ್ತು ಜನರನ್ನು ಗಲ್ಲಿಗೇರಿಸಿದರು. ಅವರಲ್ಲಿ ಒಂಬತ್ತು ಜನ ಈ ಒಂದು ಗುಂಡುಸೂಜಿಯಿಂದ ಶುರುವಾದ ಕೇಸಿನವರು. (ಸುಟ್ಟರು ಅಂತ ಸಿನಿಮಾದಲ್ಲಿ ನೋಡಿರುತ್ತೀರಿ. ಇಂಗ್ಲೆಂಡಿನಲ್ಲಿ ಮಾಟದ ಅಪರಾಧಕ್ಕೆ ನೇಣು ಹಾಕುತ್ತಿದ್ದರು.)

ನಮ್ಮ ಕಡೆಯ ಭಾನಾಮತಿ ಕಥೆಗಳನ್ನು ಕೇಳಿ ಬರೆದುಕೊಳ್ಳುತ್ತಿದ್ದ ನಾವು ಇಷ್ಟು ದೂರದ ಕೇಸಿಗೆ ಅಂಟಿಕೊಂಡಿದ್ದು ಅದನ್ನು ವರದಿ ಮಾಡಿದವನ ಕಾರಣಕ್ಕೆ. ಥಾಮಸ್ ಪಾಟ್ಸ್ ಅಂತ, ಕೋರ್ಟಿನ ಗುಮಾಸ್ತ. 1613ರಲ್ಲಿ ಇಡೀ ವಿಚಾರಣೆಯನ್ನು ಪುಸ್ತಕ ಮಾಡಿದ. ಅಚ್ಚಿಗೆ ಹೋಗುವ ಮೊದಲು ಅದನ್ನು ತಿದ್ದಿದವರು ಶಿಕ್ಷೆ ವಿಧಿಸಿದ ನ್ಯಾಯಾಧೀಶರಲ್ಲಿ ಒಬ್ಬರಾದ ಬ್ರೋಮ್ಲಿ. ಪತ್ರಿಕೋದ್ಯಮ ಓದಿದವರಿಗೆ ಇಷ್ಟು ಕೇಳಿದರೇ ಕಿವಿ ನೆಟ್ಟಗಾಗುತ್ತದೆ. ಆ ಹೆಂಗಸರ ಮಾತೆಲ್ಲ ನಮಗೆ ಬರುವುದು ಈ ಗುಮಾಸ್ತನ ಕೈ ದಾಟಿಯೇ.

ಆದರೂ ಅದರೊಳಗೇ ಬಿರುಕುಗಳಿವೆ. ಗುಂಡುಸೂಜಿ ಕೊಳ್ಳಲು ಕೇಳಿದೆ, ಅಷ್ಟಕ್ಕೆಲ್ಲ ಗಂಟು ಬಿಚ್ಚೋದಿಲ್ಲ ಅಂದ ಅನ್ನುತ್ತಾಳೆ ಅಲಿಝನ್. ಅವಳ ಹತ್ತಿರ ದುಡ್ಡಿರಲಿಲ್ಲ, ಬೇಡಿದಳು ಅನ್ನುತ್ತಾನೆ ವ್ಯಾಪಾರಿಯ ಮಗ. ಕೊಳ್ಳುವವಳೋ ಬೇಡುವವಳೋ? ಆಗ ಗುಂಡುಸೂಜಿ ಕೈಯಲ್ಲೇ ಮಾಡುತ್ತಿದ್ದದ್ದು, ಅಗ್ಗದ ವಸ್ತುವಲ್ಲ. ಔಷಧಿಗೆ, ವಶೀಕರಣಕ್ಕೂ ಬಳಸುತ್ತಿದ್ದರು.

ಕೀತ್ ಥಾಮಸ್, ಅಲನ್ ಮ್ಯಾಕ್‌ಫರ್ಲೇನ್ ಎಂಬ ಇತಿಹಾಸಕಾರರು 1970ರ ಸುಮಾರಿಗೆ ಇಂಥ ಕೇಸುಗಳಲ್ಲಿ ಒಂದು ಜಾಡು ಗುರುತಿಸಿದರು. ಬಡವಿಯೊಬ್ಬಳು ಬಾಗಿಲಿಗೆ ಬಂದು ಹಾಲೋ ಹಿಟ್ಟೋ ಕೇಳುತ್ತಾಳೆ. ಮನೆಯವರು ಇಲ್ಲ ಅನ್ನುತ್ತಾರೆ. ಅವಳು ಗೊಣಗಿಕೊಂಡು ಹೋಗುತ್ತಾಳೆ. ಆಮೇಲೆ ಮನೆಯಲ್ಲಿ ಕೂಸಿಗೆ ಜ್ವರ, ಇಲ್ಲ ಹಸುವಿಗೆ ರೋಗ. ಕೊಡಬೇಕಿತ್ತು, ಕೊಡಲಿಲ್ಲ ಎಂಬ ಅಳುಕು ಮನೆಯವರ ಮನಸ್ಸಿನಲ್ಲಿ ಮೊದಲೇ ಕೂತಿರುತ್ತದೆ. ಅದು ಅವಳ ಮೇಲಿನ ಆರೋಪವಾಗಿ ಹೊರಬರುತ್ತದೆ. ಎಲ್ಲ ಕೇಸಿಗೂ ಇದು ಹೊಂದುವುದಿಲ್ಲ, ಆದರೆ ಪೆಂಡಲಿನ ಆ ದಾರಿಗೆ ಹೊಂದುತ್ತದೆ. ಈಗ ಊರಲ್ಲಿ ಯಾರಾದರೂ ಇಂಥ ಕಥೆ ಹೇಳಿದರೆ ಮಾಟ ಮಾಡಿದವರು ಯಾರು ಅಂತ ನಾವು ಕೇಳುವುದಿಲ್ಲ. ಅದಕ್ಕೂ ಮುಂಚೆ ಯಾರು ಯಾರ ಮನೆಗೆ ಏನು ಕೇಳಿಕೊಂಡು ಹೋಗಿದ್ದರು ಅಂತ ಕೇಳುತ್ತೇವೆ. ಹೇಳುವವರು ಒಂದು ಕ್ಷಣ ಸುಮ್ಮನಾಗುತ್ತಾರೆ.

ಅಲಿಝನ್‌ಳ ಅಜ್ಜಿಯನ್ನು ಊರವರು ಡೆಮ್‌ಡೈಕ್ ಅನ್ನುತ್ತಿದ್ದರು. ಎಂಬತ್ತರ ಹತ್ತಿರದ ವಯಸ್ಸು, ಕಣ್ಣು ಕಾಣದು. ಕಾಯಿಲೆಗೆ ಮಂತ್ರ ಹಾಕುವುದು, ಬೇಡುವುದು, ಇದರ ಮೇಲೇ ಆ ಮನೆಯವರ ಹೊಟ್ಟೆ ನಡೆಯುತ್ತಿತ್ತು. ಒಮ್ಮೆ ಜಾನ್ ನಟ್ಟರ್ ಎಂಬವನ ಹಸುವಿಗೆ ರೋಗ ಬಂತು. ವಾಸಿ ಮಾಡು ಅಂತ ಅವನೇ ಅಜ್ಜಿಗೆ ಹೇಳಿಕಳಿಸಿದ. ರಾತ್ರಿ ಮೊಮ್ಮಗಳು ಕೈ ಹಿಡಿದು ಅಜ್ಜಿಯನ್ನು ಹೊರಗೆ ಕರೆದುಕೊಂಡು ಹೋದಳು. ಬೆಳಗಾಗುವಷ್ಟರಲ್ಲಿ ಹಸು ಸತ್ತಿತ್ತು. ಕರೆದವರೇ ಅನುಮಾನಿಸುವುದಕ್ಕೆ ಇನ್ನೇನು ಬೇಕು? ಗುಣಪಡಿಸುವ ಕೈಗೆ ಕೆಡಿಸುವುದೂ ಗೊತ್ತಿರುತ್ತದೆ ಎಂಬ ನಂಬಿಕೆ ನಮಗೇನು ಹೊಸದಲ್ಲ.

ನಮ್ಮನ್ನು ಹೆಚ್ಚು ಕಾಡಿದ್ದು ಬೇರೆ. ಹೊಡೆದು ಬಡಿದು ಒಪ್ಪಿಸಿದ ಆರೋಪಿ ಇವಳಲ್ಲ. ತನ್ನಿಂದಲೇ ಆಯಿತು ಅಂತ ಅಲಿಝನ್ ನಿಜಕ್ಕೂ ನಂಬಿದ್ದಳು. ಕೋರ್ಟಿಗೆ ಜಾನ್ ಲಾನನ್ನು ಕರೆತಂದಾಗ ಮಂಡಿಯೂರಿ ಅತ್ತಳು. ಅವನನ್ನು ಮೊದಲಿನಂತೆ ಮಾಡಬಲ್ಲೆಯಾ ಅಂತ ಕೇಳಿದರು. ನನ್ನ ಕೈಲಾಗದು, ಅಜ್ಜಿ ಬದುಕಿದ್ದರೆ ಮಾಡುತ್ತಿದ್ದಳು ಅಂದಳು. ಅಜ್ಜಿ ಅಷ್ಟರಲ್ಲಿ ಜೈಲಿನಲ್ಲೇ ಸತ್ತಿದ್ದಳು. ಪಾಟ್ಸ್ ಈ ಮಾತನ್ನು ಮಾಟಕ್ಕೆ ಸಾಕ್ಷಿ ಅಂತ ಬರೆದುಕೊಂಡ. ಅಜ್ಜಿಯ ಮೇಲೆ ಮೊಮ್ಮಗಳಿಗಿದ್ದ ಭರವಸೆಯೂ ಅವನಿಗೆ ಗೊತ್ತಾಗದೆ ಅದರ ಜೊತೆ ಬಂದುಬಿಟ್ಟಿದೆ.

ಮನೆಯವರ ವಿರುದ್ಧ ಮುಖ್ಯ ಸಾಕ್ಷಿ ಹೇಳಿದ್ದು ಅಲಿಝನ್‌ಳ ತಂಗಿ ಜೆನೆಟ್. ವಯಸ್ಸು ಒಂಬತ್ತರ ಸುಮಾರು. ಮಗಳನ್ನು ಕಂಡು ತಾಯಿ ಕಿರುಚಾಡಿದಾಗ ತಾಯಿಯನ್ನು ಹೊರಗೆ ಹಾಕಿ, ಮಗುವನ್ನು ಮೇಜಿನ ಮೇಲೆ ನಿಲ್ಲಿಸಿ ಹೇಳಿಕೆ ಪಡೆದರು. ಅಮ್ಮ, ಅಣ್ಣ, ಅಕ್ಕ ಮೂವರೂ ಹೋದರು.

ಸುಮಾರು ಇಪ್ಪತ್ತು ವರ್ಷದ ನಂತರ ಅದೇ ಸೀಮೆಯಲ್ಲಿ ಎಡ್ಮಂಡ್ ರಾಬಿನ್ಸನ್ ಎಂಬ ಹತ್ತು ವರ್ಷದ ಹುಡುಗ ತಾನು ಮಾಟಗಾತಿಯರ ಕೂಟ ನೋಡಿದೆ ಅಂದ. ಮತ್ತೆ ಹಲವರು ಜೈಲಿಗೆ ಹೋದರು. ಈ ಸಲ ನ್ಯಾಯಾಧೀಶರಿಗೇ ಅನುಮಾನ ಬಂದು ವಿಷಯ ರಾಜನ ತನಕ ಹೋಯಿತು. ಲಂಡನ್ನಿನಲ್ಲಿ ವಿಚಾರಿಸಿದಾಗ ಹುಡುಗ ಸತ್ಯ ಬಿಟ್ಟ: ದನ ಹೊಡೆದುಕೊಂಡು ಬರದೆ ಆಟಕ್ಕೆ ನಿಂತಿದ್ದ, ಮನೆಯಲ್ಲಿ ಹೊಡೆತ ಬೀಳುತ್ತದೆ ಅಂತ ಕಥೆ ಕಟ್ಟಿದ್ದ. ಈ ಸಲ ಯಾರನ್ನೂ ಗಲ್ಲಿಗೇರಿಸಲಿಲ್ಲ.

ಆದರೆ 1636ರ ಲ್ಯಾಂಕಾಸ್ಟರ್ ಜೈಲಿನ ಪಟ್ಟಿಯಲ್ಲಿ ಜೆನೆಟ್ ಡಿವೈಸ್ ಎಂಬ ಹೆಸರಿದೆ. ಮೇಜಿನ ಮೇಲೆ ನಿಂತ ಆ ಮಗುವೇ ಇರಬಹುದು ಅಂತ ಹಲವು ಇತಿಹಾಸಕಾರರು ಹೇಳುತ್ತಾರೆ. ಆ ಕಾಲದ ಪದ್ಧತಿಯಂತೆ ಕೇಸು ಬಿದ್ದುಹೋದರೂ, ಜೈಲಿನಲ್ಲಿ ತಿಂದದ್ದರ ಲೆಕ್ಕ ಚುಕ್ತಾ ಮಾಡಿದ ಮೇಲೇ ಹೊರಗೆ ಬಿಡುತ್ತಿದ್ದರು.