ಸಿಕ್ಕಿದ್ದನ್ನು ಹಂಚುವ ಚಾಳಿ

ನನಗೊಂದು ಚಾಳಿ ಇದೆ. ಓದಿದ್ದರಲ್ಲಿ ಏನಾದರೂ ಸ್ವಾರಸ್ಯ ಕಂಡರೆ ಅದನ್ನು ಇನ್ನೊಬ್ಬರಿಗೆ ದಾಟಿಸುವ ತನಕ ನನಗೆ ಸಮಾಧಾನವಿಲ್ಲ. ನನ್ನ ಹೆಂಡತಿ ಇದನ್ನು ಚಾಳಿ ಅನ್ನುವುದಿಲ್ಲ, ಕಾಯಿಲೆ ಅನ್ನುತ್ತಾಳೆ. ಅವಳ ಮಾತಿನಲ್ಲಿ ಎಷ್ಟು ನಿಜವಿದೆ ಎಂದು ತಿಳಿಯಲು ನನಗೆ ಅರವತ್ತು ದಾಟಬೇಕಾಯಿತು.

ಈ ಕಾಯಿಲೆ ಹತ್ತಿದ್ದು ಚಿಕ್ಕಬಾಣಾವರದ ರೈಲಿನಲ್ಲಿ. 1990ರ ಆಸುಪಾಸಿನ ಮಾತು. ನಮ್ಮೂರು ಆಗಿನ್ನೂ ಊರಿನ ಹಾಗೇ ಇತ್ತು. ಬೆಳಿಗ್ಗೆ ತುಮಕೂರು ಕಡೆಯಿಂದ ಬರುವ ಪ್ಯಾಸೆಂಜರ್ ಗಾಡಿಗೆ ನಾವು ನಾಲ್ವರು ಒಂದೇ ಬೋಗಿ ಹತ್ತುತ್ತಿದ್ದೆವು. ಒಬ್ಬರು ಮಲ್ಲೇಶ್ವರದ ಹೈಸ್ಕೂಲಿನ ಕನ್ನಡ ಮೇಷ್ಟರು. ಇನ್ನೊಬ್ಬರು ಬ್ಯಾಂಕಿನ ಗುಮಾಸ್ತರು. ಮೂರನೆಯವರು ಯಶವಂತಪುರದ ಕೈಗಾರಿಕಾ ಉಪನಗರದಲ್ಲಿ ಎರಡು ಲೇತ್ ಇಟ್ಟುಕೊಂಡು ಸಣ್ಣ ವರ್ಕ್‌ಶಾಪ್ ನಡೆಸುತ್ತಿದ್ದವರು. ನಮಗಿಂತ ಹಿರಿಯರಾದ್ದರಿಂದ ಅವರನ್ನು ಎಲ್ಲರೂ ಯಜಮಾನರು ಎಂದೇ ಕರೆಯುತ್ತಿದ್ದೆವು. ನಾಲ್ಕನೆಯವನು ಒಂದು ಕಾರ್ಖಾನೆಯ ಉಗ್ರಾಣದಲ್ಲಿ ಲೆಕ್ಕ ಬರೆಯುತ್ತಿದ್ದ ನಾನು.

ನಾಲ್ವರಿಗೂ ಸೇರಿ ಒಂದೇ ಪತ್ರಿಕೆ. ಯಶವಂತಪುರ ಬರುವುದರೊಳಗೆ ಅದು ಹಾಳೆ ಹಾಳೆಯಾಗಿ ಕೈ ಬದಲಾಯಿಸುತ್ತಿತ್ತು. 1991ರಲ್ಲಿ ಜಿ. ವೆಂಕಟಸುಬ್ಬಯ್ಯನವರು ಪ್ರಜಾವಾಣಿಯಲ್ಲಿ ‘ಇಗೋ ಕನ್ನಡ’ ಶುರುಮಾಡಿದ ಮೇಲೆ ಆ ತುಂಡು ಮೇಷ್ಟರ ಜೇಬಿಗೇ ಹೋಗಬೇಕು, ಅದಕ್ಕೆ ಬೇರೆಯವರು ಕೈ ಹಾಕುವ ಹಾಗಿಲ್ಲ. ಬ್ಯಾಂಕಿನವರು ಹುಬ್ಬಳ್ಳಿಯ ‘ಕಸ್ತೂರಿ’ ತರುತ್ತಿದ್ದರು. 1956ರಿಂದ ಬರುತ್ತಿದ್ದ ಆ ಮಾಸಪತ್ರಿಕೆಯ ಕಸುಬೇ ಎಲ್ಲೆಲ್ಲಿಯದೋ ಒಳ್ಳೆಯ ಓದನ್ನು ಹುಡುಕಿ, ಸೋಸಿ, ಕನ್ನಡಿಗರ ಮುಂದೆ ಇಡುವುದು. ಯಂತ್ರದ ಸುದ್ದಿ ಏನಿದ್ದರೂ ಅದು ಯಜಮಾನರ ಪಾಲು.

ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆಂದರೆ, ಆ ಬೋಗಿಯಲ್ಲಿ ಯಾರೂ ಬರೆದಿಡದ ಒಂದು ಕಾನೂನಿತ್ತು. ತಾನು ಓದದ ಹಾಳೆಯನ್ನು ಯಾರೂ ಇನ್ನೊಬ್ಬರಿಗೆ ಕೊಡುತ್ತಿರಲಿಲ್ಲ. ಕೊಡುವಾಗಲೂ ಕೈಯಲ್ಲಿ ತುರುಕುತ್ತಿರಲಿಲ್ಲ. “ಈ ಮೂಲೇಲಿ ನೋಡಿ ಯಜಮಾನ್ರೆ, ನಿಮ್ಮ ಕೆಲಸಕ್ಕೆ ಬರಬಹುದು” ಎಂದು ಬೆರಳಿಟ್ಟು ತೋರಿಸುತ್ತಿದ್ದೆವು. ಬೆರಳಿಡಬೇಕಾದರೆ ಓದಿರಲೇಬೇಕಲ್ಲ!

1995ರ ಆಗಸ್ಟ್ 15ರಂದು ನಮ್ಮ ದೇಶದ ಜನಸಾಮಾನ್ಯರಿಗೆ ಇಂಟರ್ನೆಟ್ಟಿನ ಬಾಗಿಲು ತೆರೆಯಿತು. ನನಗೆ ಅದರ ದರ್ಶನವಾದದ್ದು ಇನ್ನೂ ಕೆಲವು ವರ್ಷ ತಡವಾಗಿ, ಯಶವಂತಪುರದ ಒಂದು ಸೈಬರ್ ಕೆಫೆಯಲ್ಲಿ. ಗಂಟೆ ಲೆಕ್ಕದಲ್ಲಿ ದುಡ್ಡು. ಪುಟ ತೆರೆದುಕೊಳ್ಳುವಷ್ಟರಲ್ಲಿ ಅರ್ಧ ದುಡ್ಡು ಮುಗಿದಿರುತ್ತಿತ್ತು. ಆದರೂ ಅಲ್ಲಿ ಪವನಜ ಅವರ ‘ವಿಶ್ವ ಕನ್ನಡ’ದ ಪುಟ ಕಂಡಾಗ ನನಗಾದ ರೋಮಾಂಚನ ಇಂದಿಗೂ ನೆನಪಿದೆ. 1996ರಲ್ಲೇ ಒಬ್ಬರು ಕನ್ನಡವನ್ನು ಆ ಲೋಕಕ್ಕೆ ಹತ್ತಿಸಿಬಿಟ್ಟಿದ್ದರು. ಒಂದು ಪುಟವನ್ನು ಅಚ್ಚು ಹಾಕಿಸಿಕೊಂಡು ಮರುದಿನ ರೈಲಿಗೆ ತಂದೆ. ಮೇಷ್ಟರು ಅದನ್ನು ಪ್ರಸಾದದ ಹಾಗೆ ಎರಡೂ ಕೈಯಲ್ಲಿ ತೆಗೆದುಕೊಂಡರು.

ಆಮೇಲೆ ತಿಳಿದ ಸಂಗತಿ ಇನ್ನೂ ದೊಡ್ಡದು. ಟಿಮ್ ಬರ್ನರ್ಸ್-ಲೀ ಕಟ್ಟಿದ ಈ ಜಾಲವನ್ನು ಅವರು ಕೆಲಸ ಮಾಡುತ್ತಿದ್ದ ಜಿನೀವಾದ ಸರ್ನ್ ಸಂಸ್ಥೆ 1993ರ ಏಪ್ರಿಲ್ 30ರಂದು ಲೋಕಕ್ಕೆಲ್ಲ ಬಿಟ್ಟುಕೊಟ್ಟಿತಂತೆ. ಇದನ್ನು ಬಳಸುವವರು ನಮಗೆ ಕಾಸು ಕೊಡಬೇಕಾಗಿಲ್ಲ ಎಂದು ಕಾಗದದಲ್ಲಿ ಬರೆದುಕೊಟ್ಟಿತಂತೆ. ಹಂಚುವ ಚಾಳಿಯವನಿಗೆ ಇದಕ್ಕಿಂತ ದೊಡ್ಡ ಸಮರ್ಥನೆ ಬೇಕೇ? ಹಂಚಿದ್ದರ ಮೇಲೇ ನಿಂತ ಲೋಕದಲ್ಲಿ ನಾನೂ ಹಂಚುತ್ತೇನೆ ಎಂದು ಬೀಗಿದೆ.

ನಿವೃತ್ತಿಯಾಯಿತು. ಮಗಳು ಫೋನು ಕೊಡಿಸಿದಳು. ಮೇಷ್ಟರು ತುಮಕೂರಿಗೆ, ಬ್ಯಾಂಕಿನವರು ಮೈಸೂರಿಗೆ ಹೋಗಿದ್ದರು. ಯಜಮಾನರು ಮಾತ್ರ ಇಲ್ಲೇ ಇದ್ದರು. ವಾಟ್ಸಾಪಿನಲ್ಲಿ ನಮ್ಮ ಬೋಗಿಯನ್ನು ಮತ್ತೆ ಕಟ್ಟಿದೆ. ಆದರೆ ಈ ಬೋಗಿಗೆ ನಿಲ್ದಾಣವೇ ಇರಲಿಲ್ಲ. ಬೆಳಿಗ್ಗೆ ಕಾಫಿ ಕುಡಿಯುವುದರೊಳಗೆ ಹತ್ತು ಕಳಿಸುತ್ತಿದ್ದೆ. ಹೊಸ ಯಂತ್ರ, ಹೊಸ ವ್ಯಾಪಾರ, ಯಾವುದೋ ಹಳ್ಳಿಯ ಹುಡುಗ ಮಾಡಿದ ಉಪಾಯ ಹೀಗೆ. ತಲೆಬರಹ ಓದುವುದು, ಒತ್ತುವುದು. ಎಷ್ಟೋ ಸಲ ಒಳಗೇನಿದೆ ಎಂದು ನಾನೇ ನೋಡಿರುತ್ತಿರಲಿಲ್ಲ.

2019ರ ಮಳೆಗಾಲದಲ್ಲಿ ಹಾಗೇ ಒತ್ತಿದ ಒಂದು ಸಂದೇಶದಲ್ಲಿ ಮನೆಯಲ್ಲೇ ಕರ್ಪೂರ ತಯಾರಿಸುವ ಯಂತ್ರದ ವಿಷಯವಿತ್ತು. ಯಂತ್ರ ನಾವು ಕೊಳ್ಳಬೇಕು, ಮಾಡಿದ ಮಾಲನ್ನೆಲ್ಲ ಅವರೇ ವಾಪಸು ಕೊಳ್ಳುತ್ತಾರೆ. ನಾನು ಕೆಳಗೆ “ಚೆನ್ನಾಗಿದೆ, ನೋಡಿ” ಎಂದು ಬರೆದಿದ್ದೆ. ನಾನು ನೋಡಿರಲಿಲ್ಲ.

ಎರಡು ತಿಂಗಳಾದ ಮೇಲೆ ಯಜಮಾನರು ಗುಂಪಿನಲ್ಲಿ ಮಾತಾಡುವುದನ್ನು ನಿಲ್ಲಿಸಿದರು. ಅವರ ಮನೆಯ ಕಡೆ ಹೋದಾಗ ಜಗಲಿಯಲ್ಲಿ ಗೋಣಿತಾಟು ಹೊದ್ದುಕೊಂಡು ಕೂತಿದ್ದ ಯಂತ್ರ ಕಂಡಿತು. ಸೊಸೆಗೊಂದು ದುಡಿಮೆಯಾಗಲಿ ಎಂದು ಎಂಬತ್ತು ಸಾವಿರ ಕೊಟ್ಟು ತರಿಸಿದ್ದರಂತೆ. ಮೊದಲ ಸಲದ ಮಾಲು ಕೊಂಡರು. ಎರಡನೆಯ ಸಲ ಗುಣಮಟ್ಟ ಸಾಲದು ಎಂದರು. ಮೂರನೆಯ ಸಲಕ್ಕೆ ಫೋನೇ ಎತ್ತಲಿಲ್ಲ. ಹುಡುಕಿಕೊಂಡು ಹೋದರೆ ಅಂಗಡಿಗೆ ಬೀಗ.

ನನಗೆ ನೆಲ ಕುಸಿದಂತಾಯಿತು. “ಯಜಮಾನ್ರೆ, ಒಂದು ಮಾತು ವಿಚಾರಿಸಬಾರದಿತ್ತೇ? ನಲವತ್ತು ವರ್ಷ ವ್ಯವಹಾರ ಮಾಡಿದವರು ನೀವು” ಎಂದೆ. ತಪ್ಪನ್ನು ಅವರ ತಲೆಗೇ ಕಟ್ಟಲು ನೋಡಿದೆ ಎಂದು ಈಗ ಅನಿಸುತ್ತದೆ.

ಅವರು ಬೇಜಾರು ಮಾಡಿಕೊಳ್ಳಲಿಲ್ಲ. “ಬೇರೆಯವರು ಕಳಿಸಿದ್ರೆ ವಿಚಾರಿಸ್ತಿದ್ದೆ ಸ್ವಾಮಿ. ನೀವು ಕಳಿಸಿದ್ದಲ್ವಾ ಅಂತ ಬಿಟ್ಟೆ” ಎಂದರು.

ಬೈದಿದ್ದರೆ ಎರಡು ದಿನದಲ್ಲಿ ಮರೆಯುತ್ತಿದ್ದೆ. ಈ ಮಾತು ಮರೆಯಲಿಲ್ಲ. ಅವರು ನಂಬಿದ್ದು ಆ ಸಂದೇಶವನ್ನಲ್ಲ, ರೈಲಿನಲ್ಲಿ ಬೆರಳಿಟ್ಟು ತೋರಿಸುತ್ತಿದ್ದವನನ್ನು. ಬೆರಳು ಯಾವತ್ತೋ ಹೋಗಿತ್ತು, ಹೆಸರು ಮಾತ್ರ ಉಳಿದಿತ್ತು. ದುಡ್ಡು ನಾನು ಕೊಡುತ್ತೇನೆಂದರೆ ಅವರು ಒಪ್ಪಲಿಲ್ಲ. ಹಠ ಮಾಡಿದಾಗ ಮೊಮ್ಮಗನ ಡಿಪ್ಲೊಮಾ ಕಾಲೇಜಿನ ಒಂದು ವರ್ಷದ ಫೀಜನ್ನು ಕಟ್ಟಲು ಬಿಟ್ಟರು, ಅಷ್ಟೆ.

ಮೇಷ್ಟರಿಗೆ ಫೋನಿನಲ್ಲಿ ಎಲ್ಲ ಹೇಳಿಕೊಂಡೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹೆಸರಘಟ್ಟದ ನೀರು ಬೆಂಗಳೂರಿಗೆ ಹೇಗೆ ಬರ್ತಿತ್ತು ಗೊತ್ತೇನಯ್ಯ?” ಎಂದರು. ಗೊತ್ತಿಲ್ಲದೆ ಏನು! 1894ರಲ್ಲಿ ಕಟ್ಟಿದ ಆ ಕೆರೆಯ ನೀರು ಇಟ್ಟಿಗೆಯ ಕಾಲುವೆಯಲ್ಲಿ ನಮ್ಮ ಪಕ್ಕದ ಸ್ಟೇಷನ್ನಿನ ಊರಾದ ಸೋಲದೇವನಹಳ್ಳಿಗೆ ಹರಿದು, ಅಲ್ಲಿಂದ ಪಂಪಿನಲ್ಲಿ ಮಲ್ಲೇಶ್ವರ ಮುಟ್ಟುತ್ತಿತ್ತು. “ಮಲ್ಲೇಶ್ವರದಲ್ಲಿ ಜ್ಯುವೆಲ್ ಫಿಲ್ಟರ್ ಯಾಕೆ ಕಟ್ಟಿದರು? ಕೆರೆ ನೀರು ಒಳ್ಳೇದೇ. ಆದರೂ ಸೋಸದೆ ಮನೆಗೆ ಬಿಡಬಾರದು ಅಂತ. ನೀನು ಬರೀ ಪೈಪಾಗಿಬಿಟ್ಟೆ” ಎಂದರು. ಮೇಷ್ಟರ ಬಾಯಿ!

ಅಂದಿನಿಂದ ನನಗೆ ನಾನೇ ಮೂರು ಕಟ್ಟಳೆ ಹಾಕಿಕೊಂಡೆ. ಕೊನೆಯ ಸಾಲಿನವರೆಗೆ ಓದದೆ ಕಳಿಸಬಾರದು. ಗುಂಪಿಗೆ ಎರಚಬಾರದು, ಯಾರಿಗೆ ಬೇಕೋ ಅವರೊಬ್ಬರಿಗೇ, ಯಾಕೆ ಎಂದು ಎರಡು ಸಾಲು ಬರೆದು ಕಳಿಸಬೇಕು. ದುಡ್ಡು ಹಾಕಿ ಎನ್ನುವ ಯಾವ ಸಂಗತಿಯನ್ನೂ ಮುಟ್ಟಬಾರದು. ದಿನಕ್ಕೆ ಹತ್ತು ಹೋಗುತ್ತಿದ್ದದ್ದು ವಾರಕ್ಕೊಂದಕ್ಕೆ ಇಳಿಯಿತು. ಕೆಲವು ವಾರ ಅದೂ ಇಲ್ಲ.

ಆದರೆ ಸಿಕ್ಕಿದ್ದು ಗಟ್ಟಿಯಾಗತೊಡಗಿತು. ಮೇಷ್ಟರಿಗೆ ‘ಅಲರ್’ ಎಂಬ ನಿಘಂಟನ್ನು ಕಳಿಸಿದೆ. ವಿ. ಕೃಷ್ಣ ಎಂಬವರು ಹೆಚ್ಚುಕಡಿಮೆ ನಾಲ್ಕು ದಶಕ ಒಬ್ಬರೇ ಕೂತು ಒಂದೂವರೆ ಲಕ್ಷಕ್ಕೂ ಮಿಕ್ಕಿದ ಕನ್ನಡ ಪದಗಳಿಗೆ ಇಂಗ್ಲಿಷಿನಲ್ಲಿ ಅರ್ಥ ಕೊಟ್ಟರು. ಕೈಲಾಶ್ ನಾಧ್ ಎಂಬ ತಂತ್ರಜ್ಞರು ಅದನ್ನು ಅಂತರ್ಜಾಲಕ್ಕೆ ತಂದು, ಯಾರು ಬೇಕಾದರೂ ಬಳಸಬಹುದೆಂದು ಮುಕ್ತವಾಗಿ ಬಿಟ್ಟರು. ಕಳಿಸುವ ಮುಂಚೆ ನಾನು ನಾಲ್ಕು ದಿನ ಅದರಲ್ಲಿ ಪದ ಹುಡುಕಿ ನೋಡಿದ್ದೆ. ಮೇಷ್ಟರು ಈಗಲೂ ದಿನಕ್ಕೊಂದು ಪದ ತೆಗೆದು ಕಿಟೆಲ್ ನಿಘಂಟಿನ ಜೊತೆ ಹೋಲಿಸುತ್ತಾ ಕೂರುತ್ತಾರಂತೆ.

ಯಜಮಾನರಿಗೆ ಮಾತ್ರ ಎರಡು ವರ್ಷ ಏನೂ ಕಳಿಸಲಿಲ್ಲ. ಧೈರ್ಯ ಸಾಲಲಿಲ್ಲ. ಕೊನೆಗೊಂದು ದಿನ ಇಂಟರ್ನೆಟ್ ಆರ್ಕೈವಿನಲ್ಲಿ ‘ಹೌ ಟು ರನ್ ಎ ಲೇತ್’ ಎಂಬ ಹಳೆಯ ಪುಸ್ತಕ ಸಿಕ್ಕಿತು. ಅಮೆರಿಕದ ಸೌತ್ ಬೆಂಡ್ ಎಂಬ ಊರಿನಲ್ಲಿ ಲೇತ್ ತಯಾರಿಸುತ್ತಿದ್ದ ಕಂಪನಿಯೇ ಹೊರತಂದದ್ದು. ಐವತ್ತಕ್ಕೂ ಹೆಚ್ಚು ಆವೃತ್ತಿ ಕಂಡಿದೆ. ಯಂತ್ರ ಮಾರುವವನು ಅದನ್ನು ನಡೆಸುವ ವಿದ್ಯೆಯನ್ನೂ ಕೈಗಿತ್ತರೆ ವ್ಯಾಪಾರ ತಾನಾಗಿ ಬೆಳೆಯುತ್ತದೆ ಎಂದು ತಿಳಿದವರು. ಜಗಲಿಯ ಕರ್ಪೂರದ ಯಂತ್ರ ಮಾರಿದವರಿಗೂ ಇವರಿಗೂ ಎಷ್ಟು ಅಂತರ! ಚಿತ್ರಗಳನ್ನೂ ಬಿಡದೆ ಹತ್ತು ದಿನ ಕೂತು ಓದಿದೆ. ಅರ್ಧ ಅರ್ಥವಾಗಲಿಲ್ಲ. ಅದನ್ನೂ ಬರೆದೇ ಕಳಿಸಿದೆ: “ಪೂರ್ತಿ ಓದಿದ್ದೇನೆ, ಅರ್ಧ ತಿಳಿಯಲಿಲ್ಲ. ನಿಮಗೆ ತಿಳಿಯುತ್ತದೆ. ಮೊಮ್ಮಗನ ಕೈಲಿ ಓದಿಸಿ.”

ಮೂರು ವಾರ ಉತ್ತರವಿಲ್ಲ. ನಾನು ಆಸೆ ಬಿಟ್ಟಿದ್ದೆ. ಒಂದು ಭಾನುವಾರ ಬೆಳಿಗ್ಗೆ ಅವರೇ ಬಾಗಿಲಿಗೆ ಬಂದರು. ಕೈಯಲ್ಲಿ ಮೊಮ್ಮಗ ಅಚ್ಚು ಹಾಕಿಸಿದ ನಾಲ್ಕು ಹಾಳೆ.

“ಪುಸ್ತಕ ಒಳ್ಳೇದು ಸ್ವಾಮಿ. ಆದ್ರೆ ಒಂದು ಕಡೆ ನಾನು ಒಪ್ಪಲ್ಲ” ಎಂದು ಕೂರುವ ಮುಂಚೆಯೇ ಶುರುಮಾಡಿದರು. “ಟೂಲನ್ನ ಸೆಂಟರಿಗಿಂತ ಒಂಚೂರು ಮೇಲೆ ಕಟ್ಟು ಅಂತಾನೆ ಇವನು. ಅವನ ಕಾಲದ ಟೂಲಿಗೆ ಸರಿ ಇರಬಹುದು. ನಮ್ಮ ಕಾರ್ಬೈಡ್ ಟೂಲಿಗೆ ಅದು ನಡೆಯಲ್ಲ. ಸರಿಯಾಗಿ ಸೆಂಟರಿಗೇ ಇರಬೇಕು. ಇಲ್ಲಿ ನೋಡಿ.”

ಹಾಳೆಯ ಮೇಲೆ ಎಣ್ಣೆಯ ಕಲೆಯಿದ್ದ ಬೆರಳಿಟ್ಟು ತೋರಿಸಿದರು. ನನಗೆ ಸೆಂಟರೂ ತಿಳಿಯದು, ಕಾರ್ಬೈಡೂ ತಿಳಿಯದು. ಆದರೆ ನಾನು ಕಳಿಸಿದ್ದನ್ನು ಅವರು ಸುಮ್ಮನೆ ನಂಬಿರಲಿಲ್ಲ ಎಂಬುದು ತಿಳಿಯಿತು. ಒಳಗೆ ಹೋಗಿ, ಎರಡು ಲೋಟ ಕಾಫಿ ಮಾಡು ಎಂದು ಹೆಂಡತಿಗೆ ಹೇಳಿ ಬಂದೆ.