ನಕ್ಷೆಯ ಹಿಗ್ಗು-ಕುಗ್ಗು

ಬೀಜಗಣಿತದಲ್ಲಿ ಉತ್ಪನ್ನಗಳ, ಎಂದರೆ ಫಂಕ್ಷನ್‌ಗಳ, ನಕ್ಷೆಯನ್ನು ಅಭ್ಯಸಿಸುವ ವಿದ್ಯಾರ್ಥಿಗೆ ಮೊದಲ ಒಂದೆರಡು ದಿನಗಳು ಸುಗಮವಾಗಿಯೇ ಕಳೆಯುತ್ತವೆ. ಇಡೀ ಉತ್ಪನ್ನವನ್ನು ಎರಡರಿಂದ ಗುಣಿಸಿದರೆ ನಕ್ಷೆಯ ಪ್ರತಿಯೊಂದು ಬಿಂದುವೂ ಎಕ್ಸ್-ಅಕ್ಷದಿಂದ ಇಮ್ಮಡಿ ದೂರ ಸರಿಯುತ್ತದೆ. ನಕ್ಷೆ ಲಂಬವಾಗಿ ಹಿಗ್ಗುತ್ತದೆ. ಇದನ್ನು ಯಾರೂ ಪ್ರಶ್ನಿಸುವುದಿಲ್ಲ. ಅದೇ ಎರಡನ್ನು ಆವರಣದೊಳಗೆ, ಎಕ್ಸ್‌ನ ಪಕ್ಕದಲ್ಲಿ ಇರಿಸಿದೊಡನೆಯೇ ನಕ್ಷೆ ಅಡ್ಡಲಾಗಿ ಹಿಗ್ಗುವ ಬದಲು ಅರ್ಧಕ್ಕೆ ಕುಗ್ಗುತ್ತದೆ. 'ಒಳಗಿದ್ದರೆ ತಿರುವುಮುರುವು, ನೆನಪಿಡಿ' ಎಂದು ಹೇಳಿ ಮುಂದೆ ಸಾಗುವ ಬೋಧಕರುಂಟು. ಪರೀಕ್ಷೆಯ ಮಟ್ಟಿಗೆ ಆ ಮಾತು ಸಾಕಾದೀತು. ಆದರೆ ಗಣಿತವೆಂದರೆ ಕಾರಣವಿಲ್ಲದ ಕಟ್ಟಳೆಗಳ ಕಂತೆಯೆಂಬ ಭಾವನೆ ಎಳೆಯ ಮನಸ್ಸಿನಲ್ಲಿ ಬೇರೂರುವುದು ಬಹುಶಃ ಇಂತಹ ಗಳಿಗೆಗಳಲ್ಲಿಯೇ.

ಕಾರಣವಾದರೋ ಸರಳ. ಎಕ್ಸ್‌ನ ವರ್ಗವನ್ನು ತೋರುವ ಪರವಲಯವು 4ರ ಎತ್ತರವನ್ನು ಮುಟ್ಟುವುದು ಎಕ್ಸ್ 2 ಆದಾಗ. ಆವರಣದೊಳಗೆ ಎರಡರ ಗುಣಕವಿದ್ದರೆ, ಎಕ್ಸ್ 1 ಆಗಿರುವಾಗಲೇ ವರ್ಗಕ್ಕೆ ಒಳಗಾಗುವ ಸಂಖ್ಯೆ 2. ಬರಬೇಕಾದ ಎತ್ತರ ಅರ್ಧ ದಾರಿಯಲ್ಲಿಯೇ ಬಂದುಬಿಡುತ್ತದೆ.

ಆದರೂ ಪರವಲಯವೊಂದನ್ನೇ ನೆಚ್ಚುವಂತಿಲ್ಲ. ಅದನ್ನು ಅಡ್ಡಲಾಗಿ ಅರ್ಧಕ್ಕೆ ಕುಗ್ಗಿಸಿದರೂ ಲಂಬವಾಗಿ ನಾಲ್ಕು ಪಟ್ಟು ಹಿಗ್ಗಿಸಿದರೂ ದೊರೆಯುವುದು ಒಂದೇ ವಕ್ರರೇಖೆ. ನಡೆದುದು ಯಾವುದೆಂದು ಕಣ್ಣು ಹೇಳಲಾರದು. ಈ ಭೇದವನ್ನು ತಿಳಿಯಲು ಸೈನ್ ನಕ್ಷೆಯೇ ಮೇಲು, ಅದಕ್ಕೂ ಮೇಲು ಸಂಗೀತದ ಕಿವಿ. ಶುದ್ಧ ಸ್ವರವೊಂದರ ಕಂಪನವನ್ನು ಕಾಲಕ್ಕನುಗುಣವಾಗಿ ಬರೆದರೆ ಸೈನ್ ತರಂಗವೇ ಮೂಡುತ್ತದೆ. ಅದೇ ಸ್ವರವನ್ನು ಗಟ್ಟಿಯಾಗಿ ನುಡಿಸಿದರೆ ಅಲೆಗಳು ಎತ್ತರವಾಗುತ್ತವೆ, ಅವುಗಳ ಅಂತರ ಬದಲಾಗದು. ಮಧ್ಯ ಷಡ್ಜದಿಂದ ತಾರ ಷಡ್ಜಕ್ಕೆ ಏರಿದರೆ ಕಂಪನಸಂಖ್ಯೆ ಇಮ್ಮಡಿಯಾಗಿ, ಮೊದಲು ಒಂದು ಅಲೆಯಿದ್ದ ಎಡೆಯಲ್ಲಿ ಎರಡು ಅಲೆಗಳು ಅಡಕವಾಗುತ್ತವೆ. ಸ್ವರ ಏರಿತು, ನಕ್ಷೆ ಕುಗ್ಗಿತು. ಆಡುಮಾತಿನಲ್ಲಿ ಇವೆರಡನ್ನೂ 'ದನಿ ಏರಿಸುವುದು' ಎಂದೇ ಕರೆಯುವುದರಿಂದ ಗೊಂದಲ ಗಣಿತದ್ದು ಮಾತ್ರವೇ ಅಲ್ಲ!

ಇನ್ನು ಸೈನ್ (2ಎಕ್ಸ್ + 60°). ನಕ್ಷೆ ಎಡಕ್ಕೆ 60° ಸರಿಯಿತೆಂದು ವಿದ್ಯಾರ್ಥಿ ಬರೆದರೆ ಕೂಡಲೇ ಕೆಂಪು ಗೆರೆ ಎಳೆಯುವುದು ವಾಡಿಕೆ. ಆ ಮೊದಲು, ಆವರಣದ ಮೊತ್ತ ಸೊನ್ನೆಯಾಗುವುದೆಲ್ಲಿ ಎಂದು ಅವನನ್ನೇ ಕೇಳುವುದು ಲೇಸು. ಉತ್ತರ ಋಣ 30°. ಮೊದಲು 60° ಸರಿಸಿ ಬಳಿಕ ಅರ್ಧಕ್ಕೆ ಕುಗ್ಗಿಸಿದವನ ನಕ್ಷೆ ನೇರವಾಗಿ ಅಲ್ಲಿಗೇ ಬಂದು ನಿಲ್ಲುತ್ತದೆ. ಮೊದಲು ಕುಗ್ಗಿಸಿ ಬಳಿಕ 60° ಸರಿಸಿದವನದು ಇನ್ನೂ 30° ಎಡಕ್ಕೆ ಬೀಳುತ್ತದೆ. ಅವನ 60° ಸುಳ್ಳಲ್ಲ, ತಪ್ಪಿದ್ದು ಕ್ರಮ.